ರವಿವಾರದ ತನಕ

ನಮ್ಮ ಮನೆಯಲ್ಲಿ ಪರ್ಸೆಂಟೈಲ್ ಎಂಬ ಶಬ್ದವನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡವಳು ಅಜ್ಜಿ. ಅಪ್ಪನಿಗೆ ಅದು ಕಡೆಯವರೆಗೂ ಪರ್ಸೆಂಟ್ ಆಗಿಯೇ ಉಳಿಯಿತು. ಎಂಬತ್ತೊಂಬತ್ತು ಬಂದರೂ ಸಾಲುವುದಿಲ್ಲ ಎಂದರೆ ಅವರು ನನ್ನನ್ನು ಸುಳ್ಳುಗಾರನನ್ನು ನೋಡಿದಂತೆ ನೋಡುತ್ತಿದ್ದರು. ಅಜ್ಜಿ ಮಾತ್ರ ಕಡ್ಲೆ ಆರಿಸುತ್ತ ಎಲ್ಲ ಕೇಳಿಸಿಕೊಂಡು, "ಅಂದರ ನೀ ಎಷ್ಟ ಶಾಣ್ಯಾ ಅಂತಲ್ಲ. ನಿನಗಿಂತಾ ಎಷ್ಟ ಮಂದಿ ದಡ್ಡರ ಅದಾರ ಅಂತ ನೋಡೂದು" ಅಂದಳು. ಕೋಚಿಂಗ್ ಕ್ಲಾಸಿನ ಸರ್ ಇಷ್ಟನ್ನು ಹೇಳಲು ಒಂದು ಇಡೀ ಶನಿವಾರ ತೆಗೆದುಕೊಂಡಿದ್ದರು.

ಕ್ಲಾಸು ಸಾಂಗಲಿಯ ವಿಶ್ರಾಮಬಾಗದಲ್ಲಿ, ಹೊಸದಾಗಿ ಶುರುವಾದ ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಆಗ ಸಾಂಗಲಿಯಿಂದ ಮಿರಜದ ತನಕ ರಸ್ತೆಯ ಎರಡೂ ಬದಿಗೆ ತಿಂಗಳಿಗೊಂದು ಹೊಸ ಬೋರ್ಡು ಏಳುತ್ತಿತ್ತು. ಕಂಪ್ಯೂಟರ್, ಇಂಗ್ಲಿಷ್ ಸ್ಪೀಕಿಂಗ್, ಏರ್‌ಹೋಸ್ಟೆಸ್, ಕಡೆಗೆ ನಮ್ಮದು. ನಮ್ಮ ಬೋರ್ಡಿನ ಮೇಲೆ ಪಾಸಾದ ಹುಡುಗರ ಬಣ್ಣದ ಫೋಟೋಗಳಿದ್ದವು. ಅವರಲ್ಲಿ ಒಬ್ಬನೂ ನಮ್ಮ ಜಿಲ್ಲೆಯವನಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ದೇಶದ ದೊಡ್ಡ ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ವರ್ಷಕ್ಕೊಂದೇ ಪರೀಕ್ಷೆ, ಒಂದು ರವಿವಾರ ಮುಂಜಾನೆ ಎರಡು ತಾಸು. ಒಂದು ಸಲ ಬರೆದು ಬಿದ್ದಿದ್ದೆ. ಎರಡನೇ ಸಲಕ್ಕೆ ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ: "ಇದ ಕಡೀದು. ಆಗಲಿಲ್ಲಂದರ ಅಂಗಡ್ಯಾಗ ಬಂದ ಕುಂದರಬೇಕು." ಅಂಗಡಿ ಎಂದರೆ ಸಾಂಗಲಿಯ ಪೇಟೆಯಲ್ಲಿದ್ದ ನಮ್ಮ ಬೀಜ, ಗೊಬ್ಬರದ ಅಂಗಡಿ. ಅಲ್ಲಿಯ ಯೂರಿಯಾದ ವಾಸನೆ ಅಪ್ಪನ ಅಂಗಿಗೆ ಎಷ್ಟು ಹತ್ತಿತ್ತೆಂದರೆ ಒಗೆದರೂ ಹೋಗುತ್ತಿರಲಿಲ್ಲ. ನನಗೆ ಅದನ್ನು ಕಂಡರೆ ಹೇಸಿಗೆ ಇತ್ತು. ಅದೇ ಗೊಬ್ಬರ ನನ್ನ ಫೀ ಕಟ್ಟುತ್ತಿತ್ತು ಎಂಬುದು ಆಗ ತಲೆಗೆ ಹೋಗಿರಲಿಲ್ಲ.

ನಾವು ಜೈನರು. ಮೂಲ ಊರು ಕಸಬೆ ಡಿಗ್ರಜ. ಅಲ್ಲಿಯ ಹೊಲವನ್ನು ಕಾಕಾ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಹಿರಿಯರೆಲ್ಲ ಕನ್ನಡ ಆಡುತ್ತಿದ್ದರು, ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಅವ್ವ ಮರಾಠಿ ಶಾಲೆಯಲ್ಲಿ ಕಲಿತವಳು. ಅಜ್ಜಿ ಮಾತ್ರ ಚಿಕ್ಕೋಡಿ ಕಡೆಯಿಂದ ಮದುವೆಯಾಗಿ ಬಂದವಳು, ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದುದು ಅವಳೊಬ್ಬಳಿಗೇ. ಅವಳ ದಪ್ಪಕ್ಷರದ ಸ್ತೋತ್ರದ ಪುಸ್ತಕಗಳು ನನ್ನ ಕಣ್ಣಿಗೆ ಬರೀ ಜಿಲೇಬಿ ಸುತ್ತಿದ ಹಾಗಿದ್ದವು. ಹಾಗಂತ ಅವಳಿಗೆ ಹೇಳಿಯೂ ಇದ್ದೆ. "ತಿನ್ನಾಕ ಬರೂದಿಲ್ಲ ನಿನಗ, ಜಿಲೇಬಿ ಅಂತಿ" ಎಂದು ನಕ್ಕಿದ್ದಳು.

ನಮ್ಮಿಬ್ಬರ ಅಭ್ಯಾಸವೂ ಒಟ್ಟಿಗೇ ನಡೆಯುತ್ತಿತ್ತು. ದಿನಾಲೂ ಮುಂಜಾನೆ ಅಜ್ಜಿ ಸಾಮಾಯಿಕಕ್ಕೆ ಕೂಡುತ್ತಿದ್ದಳು. ನಲವತ್ತೆಂಟು ನಿಮಿಷ ಅಲುಗಾಡದೆ, ಮಾತಾಡದೆ ಕೂತು ಮನಸ್ಸನ್ನು ಒಂದು ಕಡೆ ನಿಲ್ಲಿಸುವ ನೇಮ ಅದು. ವೇಳೆ ನೋಡಲು ಅವಳ ಬಳಿ ಒಂದು ಮರಳಿನ ಗಡಿಯಾರವಿತ್ತು, ಯಾರೋ ಗುಜರಾತಿ ನೆರೆಯವರು ಯಾತ್ರೆಯಿಂದ ತಂದುಕೊಟ್ಟದ್ದು. ಅವಳು ಅದನ್ನು ಬೋರಲು ಹಾಕಿದ ಕೂಡಲೇ ನಾನು ಎದುರಿಗೆ ಕೂತು ಮಾದರಿ ಪ್ರಶ್ನೆಪತ್ರಿಕೆಯ ಒಂದು ವಿಭಾಗ ಶುರು ಮಾಡುತ್ತಿದ್ದೆ. ನನ್ನ ವಿಭಾಗಕ್ಕೆ ನಲವತ್ತು ನಿಮಿಷ. ಉಳಿದ ಎಂಟು ನಿಮಿಷ ನಾನೂ ಏಳುವ ಹಾಗಿರಲಿಲ್ಲ, ಎದ್ದರೆ ಅವಳಿಗೆ ಭಂಗ. ಪೆನ್ನು ಕೆಳಗಿಟ್ಟು ಅವಳ ಮುಖ ನೋಡುತ್ತ ಕೂಡುತ್ತಿದ್ದೆ. ನನ್ನ ಆ ಎರಡು ವರ್ಷಗಳಲ್ಲಿ ಯಾವ ಚಿಂತೆಯೂ ಇಲ್ಲದ ಹೊತ್ತೆಂದರೆ ಆ ಎಂಟು ನಿಮಿಷಗಳೇ.

ಮರಳು ಪೂರ್ತಿ ಇಳಿದ ಮೇಲೆ ತಪಾಸಣೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಬಿಟ್ಟರೆ ಏನೂ ಇಲ್ಲ ಎಂದು ಹೇಳಿದಾಗ ಅಜ್ಜಿಗೆ ಬಹಳ ಸೇರಿತು. "ಈ ಪರೀಕ್ಷಾ ನಮ್ಮ ಧರ್ಮದಾವರ ಯಾರೋ ಮಾಡಿರಬೇಕ" ಅಂದಳು. ಆಮೇಲೆ ನಾನು ಕ್ಲಾಸಿಗೆ ಹೊರಟಾಗಲೆಲ್ಲ ಅವಳದು ಒಂದೇ ಮಾತು: "ಗೊತ್ತಿಲ್ಲದ್ದನ್ನ ಮುಟ್ಟಬ್ಯಾಡ." ಕ್ಲಾಸು ಸಂಜೆ ಆರಕ್ಕೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವಾದ್ದರಿಂದ ಐದಕ್ಕೇ ನನ್ನ ತಾಟು ಹಾಕಿಸಿ, ಎದುರಿಗೆ ಕೂತು ಉಣ್ಣಿಸಿ ಕಳಿಸುತ್ತಿದ್ದಳು.

ಎರಡನೇ ವರ್ಷದ ಗಣೇಶ ಹಬ್ಬದ ಹೊತ್ತಿಗೆ ಅವಳಿಗೇ ಉಂಡದ್ದು ನಿಲ್ಲದಾಯಿತು. ಮಿರಜದ ದವಾಖಾನೆಯಲ್ಲಿ ಎಲ್ಲ ತೋರಿಸಿ ಆಯಿತು. ಹೊಟ್ಟೆಯಲ್ಲಿ ಗಡ್ಡೆ ಇದೆ, ಈ ವಯಸ್ಸಿನಲ್ಲಿ ಕೊಯ್ದರೂ ಉಪಯೋಗವಿಲ್ಲ ಎಂದು ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದರು. ಹೊರಗೆ ಕರೆಯುವ ಅಗತ್ಯವಿರಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ಅಜ್ಜಿಯೇ ಶಾಂತವಾಗಿ ಅಂದಳು: "ಇನ್ನ ಸಾಕಪ್ಪಾ. ಮುನಿ ಮಹಾರಾಜರನ್ನ ಕೇಳ್ರಿ. ನಾ ಸಲ್ಲೇಖನಾ ತಗೋತೀನಿ."

ಅನ್ನ, ಹಾಲು, ಮಜ್ಜಿಗೆ, ಕಡೆಗೆ ನೀರು, ಹೀಗೆ ಒಂದೊಂದಾಗಿ ಬಿಡುತ್ತ, ಅಳದೆ, ಅಂಜದೆ, ದೇವರ ಹೆಸರಿನಲ್ಲಿ ದೇಹ ಬಿಡುವ ವ್ರತ ಅದು. ಅಂಥ ಸಾವಿಗೆ ನಮ್ಮಲ್ಲಿ ಸಮಾಧಿ ಮರಣ ಅನ್ನುತ್ತಾರೆ. ಕಸಬೆ ಡಿಗ್ರಜದ ನಮ್ಮ ಬಸದಿಯ ಗೋಡೆಯಲ್ಲಿ ಹಾಗೆ ಹೋದವರ ಹೆಸರಿನ ಅಮೃತಶಿಲೆಯ ಹಲಗೆಗಳಿವೆ. ಅಜ್ಜಿ ಹೊಸ ಸೊಸೆಯಾಗಿ ಬಂದಾಗಿನಿಂದ ಆ ಗೋಡೆ ನೋಡುತ್ತ ಬಂದವಳು. ತನ್ನ ಹೆಸರೂ ಅಲ್ಲಿ ಬರಬೇಕೆಂದು ಅವಳು ಬಾಯಿ ಬಿಟ್ಟು ಎಂದೂ ಹೇಳಲಿಲ್ಲ, ಹೇಳಿದರೆ ಅದೂ ಆಸೆಯಾದೀತು. ಆದರೆ ನಮಗೆಲ್ಲ ಗೊತ್ತಿತ್ತು.

ಮುನಿ ಮಹಾರಾಜರು ಸಮೀಪದ ಊರಿನಲ್ಲಿದ್ದರು. ಬಂದು, ಮನೆಮಂದಿಯ ಒಪ್ಪಿಗೆ ಕೇಳಿ, ವ್ರತ ಕೊಟ್ಟರು. ಬಸದಿಯ ಪಂಡಿತರು ನಮ್ಮೆಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ನೇಮಗಳನ್ನು ಬಿಡಿಸಿ ಹೇಳಿದರು. "ಸಾವ ಲಗೂ ಬರಲಿ ಅಂತ ಬಯಸಬಾರದು. ತಡಾ ಆಗಲಿ ಅಂತನೂ ಬಯಸಬಾರದು. ಯಾರ ಮ್ಯಾಲೂ ಮೋಹ ಇಟ್ಟಕೋಬಾರದು. ಇಟ್ಟರ ವ್ರತಕ್ಕ ದೋಷ ಹತ್ತತೈತಿ. ಮನಿ ಮಂದಿಗೂ ಹೇಳೂದು ಅದ, ಇವರನ್ನ ಹಿಂದಕ ಜಗ್ಗಬ್ಯಾಡ್ರಿ." ನಾನು ಮೂಲೆಯಲ್ಲಿದ್ದೆ, ಕೈಯಲ್ಲಿ ಇಂಗ್ಲಿಷ್ ಶಬ್ದಗಳ ಚೀಟಿಗಳಿದ್ದವು. ಒಂದೊಂದು ಮಾತೂ ಕಿವಿಗೆ ಬಿದ್ದಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ನಡುಮನೆಯ ಗೋಡೆಗೆ ನಾನು ಅಂಟಿಸಿದ್ದ ಸೂತ್ರಗಳ ಹಾಳೆಗಳನ್ನು ಅವ್ವ ಕಿತ್ತು ತೆಗೆದು, ಅಲ್ಲಿ ಭಗವಂತನ ಚಿತ್ರ ಹಾಕಿ, ಕೆಳಗೆ ಅಜ್ಜಿಯ ಚಾಪೆ ಹಾಸಿದಳು. ದೀಪಾವಳಿ ಮುಗಿದ ಮೇಲೆ ಅನ್ನ ನಿಂತಿತು. ನೋಡಲು ಬರುವವರ ಸಾಲು ಹತ್ತಿತು. ಕಂಡವರು ಅಜ್ಜಿಯ ಕಾಲು ಮುಟ್ಟಿ, ನನ್ನ ಕಡೆ ತಿರುಗಿ "ನಿನ್ನ ಪರೀಕ್ಷಾ ಯಾವಾಗ?" ಎಂದು ಕೇಳುತ್ತಿದ್ದರು. ನಾನು ಮೇಲಿನ ಕೋಣೆಗೆ ಹೋದೆ. ಕೆಳಗಿನಿಂದ ಹೆಂಗಸರು ಸ್ತೋತ್ರ ಹೇಳುವ ದನಿ ಬರುತ್ತಿತ್ತು, ನಾನು ಕಿವಿಯಲ್ಲಿ ಹತ್ತಿ ತುರುಕಿಕೊಂಡು ಲೆಕ್ಕ ಬಿಡಿಸುತ್ತಿದ್ದೆ.

ಆ ದಿನಗಳಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾರೆ. ನಮ್ಮ ಪರೀಕ್ಷೆಯಲ್ಲಿ ನೀರಿನ ಟಾಕಿಯ ಲೆಕ್ಕ ತಪ್ಪದೆ ಬರುತ್ತಿತ್ತು. ಟಾಕಿಯಲ್ಲಿ ಇಷ್ಟು ನೀರಿದೆ, ಒಂದು ನಳದಿಂದ ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ, ಯಾವಾಗ ಖಾಲಿಯಾಗುತ್ತದೆ? ಒಂದು ಮಧ್ಯಾಹ್ನ ಅಂಥದೇ ಲೆಕ್ಕ ಬಿಡಿಸುತ್ತ, ಅದೇ ಹಾಳೆಯ ಬೆನ್ನಿಗೆ ಅಜ್ಜಿಯದನ್ನೂ ಹಾಕಿ ನೋಡಿದೆ. ಹಾಲು ಬಿಟ್ಟು ಎಷ್ಟು ದಿನ, ಮಜ್ಜಿಗೆ ಬಿಟ್ಟು ಎಷ್ಟು, ನೀರು ಬಿಟ್ಟರೆ ಎಷ್ಟು ದಿನ ಉಳಿದಾಳು. ಉತ್ತರ ಶುಕ್ರವಾರ ಅಥವಾ ಶನಿವಾರ ಎಂದು ಬಂತು. ಪರೀಕ್ಷೆ ಪುಣೆಯಲ್ಲಿ, ರವಿವಾರ. ಹಾಳೆಯನ್ನು ಚೂರುಚೂರು ಮಾಡಿ ಹರಿದೆ, ಉತ್ತರ ತಲೆಯಿಂದ ಹೋಗಲಿಲ್ಲ.

ಸೋಮವಾರ ಸಂಜೆ ಅಜ್ಜಿ ಅಪ್ಪನಿಗೆ, ಬುಧವಾರದಿಂದ ನೀರನ್ನೂ ಬಿಡುತ್ತೇನೆ ಎಂದು ತಿಳಿಸಿದಳು. ನೀರು ಬಿಟ್ಟರೆ ಎರಡು ಮೂರು ದಿನಕ್ಕಿಂತ ಹೆಚ್ಚಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ನಾನು ಮನೆಯ ಹಿರಿಯ ಮೊಮ್ಮಗ. ಅವಳು ಶುಕ್ರವಾರ ಹೋದರೆ ಹನ್ನೆರಡು ದಿನದ ಸೂತಕ, ಶನಿವಾರ ನಾನು ರೈಲು ಹತ್ತುವ ಪ್ರಶ್ನೆಯೇ ಇಲ್ಲ. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು "ಹಂಗೇನರ ಆದರ ಮುಂದಿನ ವರ್ಷ ನೋಡೂಣು" ಅಂದರು. ಅವರ ಅಂಗಿಯಿಂದ ಯೂರಿಯಾದ ವಾಸನೆ ಬಂತು. ಮುಂದಿನ ವರ್ಷ ಎಂಬುದು ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ನಾಲ್ಕರ ಹೊತ್ತಿಗೆ ಸ್ತೋತ್ರದ ಹೆಂಗಸರು, ಹೊತ್ತು ಮುಳುಗುವುದರೊಳಗೆ ಮನೆಯ ಉಣಿಸು ತಿನಿಸು ನೋಡಬೇಕೆಂದು ಎದ್ದು ಹೋದರು. ಅವ್ವ ಒಳಗೆ ಒಲೆಯ ಮುಂದಿದ್ದಳು. ನಾನು ಅಜ್ಜಿಯ ಹತ್ತಿರ ಕೂತೆ. ಮುಖ ಸಣ್ಣದಾಗಿತ್ತು, ಆದರೆ ಸಾಮಾಯಿಕದ ಹೊತ್ತಿನ ಮುಖವೇ. ಕಣ್ಣು ಬಿಟ್ಟು "ಓದಿದಿ?" ಎಂದು ಕೇಳಿದಳು.

ಮರಾಠಿಯಲ್ಲಿ ನಾನು ಅವಳಿಗೆ ಯಾವಾಗಲೂ 'ತೂ', ಅಂದರೆ ನೀನು, ಅನ್ನುತ್ತಿದ್ದೆ. ಅವತ್ತು ಕನ್ನಡದಲ್ಲಿ, ರಿ ಹಚ್ಚಿ ಮಾತಾಡಿದೆ. ಅಧಿಕಾರಿಯ ಟೇಬಲ್ಲಿನ ಮುಂದೆ ನಿಂತವರು ಮಾತಾಡುವ ಹಾಗೆ.

"ಅಜ್ಜಿ, ರವಿವಾರದ ತನಕಾ ಇರ್ರಿ. ಅಷ್ಟ ಸಾಕು ನನಗ."

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಇಂದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಕನ್ನಡಾ ಬರತೈತಲಾ ನಿನಗ" ಅಂದಳು. ಮತ್ತೆ ಕಣ್ಣು ಮುಚ್ಚಿದಳು.

ಬುಧವಾರ ಮುಂಜಾನೆ ಅವ್ವ ಕಾಯಿಸಿ ಆರಿಸಿದ ನೀರಿನ ತಂಬಿಗೆಯನ್ನು ಸುಮ್ಮನೆ ರೂಢಿಯಂತೆ ತಂದಿಟ್ಟಳು. ಅಜ್ಜಿ ಬೊಗಸೆ ಒಡ್ಡಿದಳು. "ಇವತ್ತ ಬಿಡೂದಿಲ್ಲ" ಅಂದಳು. ಅಪ್ಪ ಪಂಡಿತರ ಮುಖ ನೋಡಿದರು. ಪಂಡಿತರು, ಶಕ್ತಿ ಇದ್ದಷ್ಟು, ಬಲವಂತ ಮಾಡುವ ವ್ರತವಲ್ಲ ಇದು ಎಂದು ಸಮಾಧಾನ ಹೇಳಿದರು. ಗುರುವಾರವೂ ಎರಡು ಬೊಗಸೆ, ಶುಕ್ರವಾರವೂ ಎರಡು. ಪ್ರತಿ ಬೊಗಸೆಗೂ ಅವಳ ಗಂಟಲು ಒದ್ದಾಡುತ್ತಿತ್ತು, ಅರ್ಧ ನೀರು ಹೊರಗೆ ಬರುತ್ತಿತ್ತು. ನನಗೆ ಸಂತೋಷವಾಯಿತು. ಬಾಗಿಲ ಮರೆಯಲ್ಲಿ ನಿಂತು ನೋಡಿ, ಮೇಲೆ ಹೋಗಿ, ಎಷ್ಟೋ ದಿನದ ಮೇಲೆ ಮನಸ್ಸಿಟ್ಟು ಓದಿದೆ.

ಶನಿವಾರ ಮಿರಜ ಸ್ಟೇಷನ್ನಿಗೆ ಹೊರಡುವ ಮೊದಲು ಅವಳ ಕಾಲು ಮುಟ್ಟಿದೆ. ಆಶೀರ್ವಾದ ಮಾಡಲು ಅವಳ ಕೈ ಏಳಲಿಲ್ಲ. ಬಾಯಿ ಹತ್ತಿರ ಕಿವಿ ಒಯ್ದಾಗ ಆ ಹಳೆಯ ಮಾತನ್ನೇ ಅಂದಳು: "ಗೊತ್ತಿಲ್ಲದ್ದನ್ನ ಮುಟ್ಟಬ್ಯಾಡ."

ಪರೀಕ್ಷೆ ಚೆನ್ನಾಗಿ ಬರೆದೆ, ಅದನ್ನೂ ಹೇಳಬೇಕು. ಎರಡನೇ ವಿಭಾಗದಲ್ಲಿ ಟಾಕಿಯ ಲೆಕ್ಕ ಬಂದಿತ್ತು. ಒಂದು ನಿಮಿಷದೊಳಗೆ ಬಿಡಿಸಿದೆ. ಹೊರಗೆ ಬಂದು, ಕಾಲೇಜಿನ ಎದುರಿಗಿದ್ದ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಹಚ್ಚಿದಾಗ ಕಾಕಾ ಎತ್ತಿದರು. "ಆತು. ನೀ ಬಾ" ಅಂದರು, ಅಷ್ಟೇ. ಎಂಥ ಹೊತ್ತಿನಲ್ಲೂ ಮನುಷ್ಯನ ತಲೆ ಹೇಗೆ ಓಡುತ್ತದೆ ನೋಡಿ, ರವಿವಾರ ಆಗಿತ್ತಲ್ಲ ಎಂಬುದೇ ನನಗೆ ಮೊದಲು ಹೊಳೆದದ್ದು. ಅಳು ಕರಾಡ ದಾಟಿದ ಮೇಲೆ ಬಸ್ಸಿನಲ್ಲಿ ಬಂತು. ನಾನು ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೊತ್ತು ಮುಳುಗುವ ಮೊದಲೇ ಅವಳನ್ನು ಪಲ್ಲಕ್ಕಿಯಲ್ಲಿ ಕೂಡಿಸಿ, ಜಯಕಾರ ಹಾಕುತ್ತ ಒಯ್ದಿದ್ದರಂತೆ.

ಸೋಮವಾರ ಮುಂಜಾನೆ ಮರಾಠಿ ದೈನಿಕದ ಮೊದಲ ಪುಟದಲ್ಲಿ ನಮ್ಮ ಪರೀಕ್ಷೆಯ ಸುದ್ದಿ ಇತ್ತು. ಪ್ರಶ್ನೆಪತ್ರಿಕೆ ಮೊದಲೇ ಎಲ್ಲೋ ಸೋರಿ, ಕೆಲವರ ಕೈಗೆ ಹೋಗಿತ್ತಂತೆ. ಪರೀಕ್ಷೆ ರದ್ದು. ಹೊಸ ವರ್ಷದಲ್ಲಿ ಮತ್ತೊಮ್ಮೆ ನಡೆಸುತ್ತಾರೆ, ತಾರೀಕು ಆಮೇಲೆ ತಿಳಿಸುತ್ತಾರೆ. ಎರಡು ಸಲ ಓದಿದೆ. ಅಪ್ಪನೂ ಓದಿ, ಮಡಚಿ, ಗೂಡಿನಲ್ಲಿಟ್ಟರು. ಅಜ್ಜಿ ಬುಧವಾರ ನೀರು ಬಿಟ್ಟು ಶುಕ್ರವಾರ ಹೋಗಿದ್ದರೂ, ನಾನು ಸೂತಕದಲ್ಲಿ ಮನೆಯಲ್ಲೇ ಕೂತಿದ್ದರೂ ನನಗೆ ಏನೂ ನಷ್ಟವಿರಲಿಲ್ಲ. ಆ ನಾಲ್ಕು ದಿನದ ನೀರು ಯಾವುದಕ್ಕೂ ಬರಲಿಲ್ಲ.

ಮಧ್ಯಾಹ್ನ ಅಡಿಗೆಮನೆಯಲ್ಲಿ ಅವ್ವ ಒಬ್ಬಳೇ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಹತ್ತಿರ ಕರೆದಳು. "ಯಾರ ಮುಂದೂ ಅನ್ನಬ್ಯಾಡ. ನಿನ್ನ ಅಜ್ಜಿ ದಿನಾ ಮುಂಜಾನೆ ಇವತ್ತ ಯಾವ ವಾರ ಅಂತ ಕೇಳತಿದ್ದರು."

ನಾನು ಅವಳ ಎದುರಿಗೆ ಕೂತೆ.

"ನಿನ್ನೆ ಹನ್ನೊಂದರ ಸುಮಾರಿಗೆ ಉಸರ ಮ್ಯಾಲ ಹತ್ತಿತು. ಪಂಡಿತರು ಕಿವ್ಯಾಗ ಣಮೋಕಾರ ಮಂತ್ರಾ ಹೇಳಾಕ ಹತ್ತಿದ್ದರು. ಅತ್ತಿಯವರು ಅದನ್ನ ಅನ್ನಲಿಲ್ಲ. ನನ್ನ ಕಡೆ ನೋಡಿ, ಪೇಪರ ಮುಗೀತೇನು ಅಂದರು. ಇನ್ನೂ ತಾಸಿನ ಮ್ಯಾಲ ಇತ್ತು. ನಾನ ಮುಗೀತ್ರಿ ಅಂದೆ. ಆಮ್ಯಾಲ ಹ್ವಾದರು."

ಮಂತ್ರ ಬಾಯಲ್ಲಿಟ್ಟುಕೊಂಡು ಹೋಗುವುದಕ್ಕಾಗಿಯೇ ಹತ್ತಿರಹತ್ತಿರ ಒಂದು ತಿಂಗಳು ಹಸಿದವಳು ಅವಳು. ಅರವತ್ತು ವರ್ಷ ದಿನಾಲೂ ನಲವತ್ತೆಂಟು ನಿಮಿಷ ಅದನ್ನೇ ಅಭ್ಯಾಸ ಮಾಡಿದ್ದಳು. ಅವಳ ಪರೀಕ್ಷೆಗೆ ಎರಡನೇ ಸಲ ಇರಲಿಲ್ಲ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಅಂದಳು: "ಅಷ್ಟ ಗಟ್ಟಿ ಮನಸಿನಾವರು. ಮೊಮ್ಮಗನ ಮೋಹ ಮಾತ್ರ ಬಿಡಾಕ ಆಗಲಿಲ್ಲ ನೋಡ."

ನಾನು ಬಾಯಿ ತೆರೆಯಬೇಕಾಗಿದ್ದು ಆಗ. ಮೋಹ ಅವಳದಲ್ಲ, ನನ್ನದು, ಮಂಗಳವಾರ ನಾಲ್ಕರ ಹೊತ್ತಿಗೆ ನೀನು ಒಲೆಯ ಮುಂದಿದ್ದಾಗ ನಾನು ಕೇಳಿದೆ ಎಂದು ಹೇಳಲು ಹತ್ತು ಶಬ್ದ ಸಾಕಿತ್ತು. ಹೇಳಲಿಲ್ಲ. ಯಾರ ಮುಂದೂ ಅನ್ನಬೇಡ ಎಂದ ಅವ್ವನೇ ತಡೆಯದೆ, ಅಜ್ಜಿ ದಿನಾ ವಾರ ಕೇಳುತ್ತಿದ್ದುದನ್ನೂ ಪಂಡಿತರಿಗೆ ತಿಳಿಸಿದಳು. ದೋಷಕ್ಕೆ ಶಾಂತಿ ಪೂಜೆ ಮಾಡಿಸಿದರು. ಪೂಜೆಯಲ್ಲಿ ನನ್ನನ್ನು ಮುಂದೆ ಕೂಡಿಸಿದರು, ಅಜ್ಜಿಯ ಜೀವವಾಗಿದ್ದ ಮೊಮ್ಮಗ ಎಂದು. ನಾನು ಹೋಗಿ ಕೂತೆ, ಅಕ್ಷತೆಯನ್ನೂ ಹಾಕಿದೆ.

ಅಮೃತಶಿಲೆಯ ಹಲಗೆಗೆ ಅಪ್ಪ ಕಲ್ಲು ಕೆತ್ತುವವನೊಬ್ಬನಿಗೆ ಮಾತು ಕೊಟ್ಟಿದ್ದರು. ಅವ್ವ ಬೇಡವೆಂದಳು. "ಬಸದಿ ಗ್ವಾಡಿ ಮ್ಯಾಲ ಸುಳ್ಳ ಬರಸಬಾರದರಿ. ಅತ್ತಿಯವರಿಗೂ ಅದ ಸೇರತಿದ್ದಿಲ್ಲ." ಅಪ್ಪ ಬಹಳ ದಿನ ಗೊಣಗಿದರು, ಕಡೆಗೆ ಸುಮ್ಮನಾದರು. ಆ ಗೋಡೆಯಲ್ಲಿ ಅವಳ ಹೆಸರಿಲ್ಲ.

ಹೊಸ ತಾರೀಕು ಬಂತು. ಮರಳಿನ ಗಡಿಯಾರ ಬೋರಲು ಹಾಕಿ ಒಬ್ಬನೇ ಅಭ್ಯಾಸ ಮಾಡಿದೆ. ನಲವತ್ತು ನಿಮಿಷ ಮುಗಿದ ಮೇಲೆ ಎಂಟು ನಿಮಿಷದ ಮರಳು ಉಳಿಯುತ್ತಿತ್ತು, ಎದುರಿಗೆ ಗೋಡೆ ಇರುತ್ತಿತ್ತು. ಮೂರು ದಿನದಲ್ಲಿ ಅದನ್ನು ಕಪಾಟಿಗೆ ಹಾಕಿ ಕೀಲಿ ಹಾಕಿದೆ. ಆ ಮರುಪರೀಕ್ಷೆಯಲ್ಲಿ ಬಂದ ಅಂಕಕ್ಕೆ ದೊಡ್ಡ ಕಾಲೇಜು ಯಾವುದೂ ಸಿಗಲಿಲ್ಲ. ಪುಣೆಯ ಒಂದು ನಡುತರದ ಕಾಲೇಜು ಸಿಕ್ಕಿತು, ಅಪ್ಪ ತಡೆಯಲಿಲ್ಲ. ಮುಗಿಸಿದ ಮೇಲೆ ಹುಬ್ಬಳ್ಳಿಯ ಒಂದು ಕಂಪನಿ ಕೆಲಸಕ್ಕೆ ತೆಗೆದುಕೊಂಡಿತು. ಏನು ಕೆಲಸ ಅನ್ನುತ್ತೀರಿ? ಅಂಗಡಿಗಳಿಗೆ ಗೊಬ್ಬರ ಮಾರುವುದು. ಈಗ ನನ್ನ ಅಂಗಿಗೂ ಅದೇ ವಾಸನೆ.

ಕನ್ನಡ ಲಿಪಿ ಕಲಿತದ್ದು ಹುಬ್ಬಳ್ಳಿಯಲ್ಲಿ, ಅಂಗಡಿಗಳ ಬೋರ್ಡು ಓದಿ ಓದಿ. ಒಂದು ಸಲ ಊರಿಗೆ ಹೋದಾಗ ಅಜ್ಜಿಯ ಸ್ತೋತ್ರದ ಪುಸ್ತಕ ತೆಗೆದು ತಡವರಿಸುತ್ತ ಒಂದು ಪುಟ ಓದಿದೆ. ಅವ್ವ ಅಡಿಗೆಮನೆಯಿಂದ ಬಂದು ಕೇಳಿಸಿಕೊಂಡು, ಅತ್ತಿಯವರು ಇರಬೇಕಾಗಿತ್ತು ಅಂದಳು.

ಅವ್ವನಿಗೆ ಈಗ ಅಜ್ಜಿಯ ವಯಸ್ಸು. ಹೋದ ತಿಂಗಳು ಸಾಂಗಲಿಯ ಮನೆಯಲ್ಲಿ ಉಂಡು ಕೂತಾಗ, ಯಾರದೋ ಸಲ್ಲೇಖನದ ಸುದ್ದಿ ಬಂತು. ಅವ್ವ ನಕ್ಕು, "ನನಗಂತೂ ಆ ಧೈರ್ಯ ಇಲ್ಲಪಾ. ಅತ್ತಿಯವರಂಥಾವರಿಗೆ ಆಗಲಿಲ್ಲ, ಕಡೀಕ ಮೋಹಕ್ಕ ಬಿದ್ದರು. ನಂದೇನ" ಅಂದಳು. ಆಗಲೂ ನಾನು ಸುಮ್ಮನೆ ತಾಟಿನಲ್ಲಿ ಕೈ ತೊಳೆದೆ.

ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಅವ್ವನಿಗೆ ಕನ್ನಡ ಓದಲು ಬರುವುದಿಲ್ಲ.